ಸೂಜಿಯ ತುಂಡು, ಬಾಗಿಲ ಬೀಗ

ನಮಸ್ಕಾರ ಕೇಳುಗರೇ.

ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಒಂದು ರಿಜಿಸ್ಟರ್ ಇಡುತ್ತಾರೆ. ಮುರಿದ ಸೂಜಿಗಳ ರಿಜಿಸ್ಟರ್. ಹೊಲಿಯುವಾಗ ಸೂಜಿ ಮುರಿದರೆ ಟೈಲರ್ ಮೆಷಿನ್ ನಿಲ್ಲಿಸಬೇಕು, ಚೂರುಗಳನ್ನೆಲ್ಲ ಹುಡುಕಿ ಜೋಡಿಸಬೇಕು, ಸೂಜಿ ಪೂರ್ತಿ ಸಿಕ್ಕಿತು ಅಂತ ಖಾತ್ರಿಯಾದ ಮೇಲೆ ಆ ಪುಟದಲ್ಲಿ ಟೇಪ್ ಹಾಕಿ ಅಂಟಿಸಬೇಕು. ಒಂದು ಚೂರು ಸಿಗಲಿಲ್ಲ ಅಂದ್ರೆ ಅಯಸ್ಕಾಂತ ಹಿಡಿದು ನೆಲವೆಲ್ಲ ಹುಡುಕುತ್ತಾರೆ. ಎಲ್ಲೋ ದೂರದಲ್ಲಿ ಆ ಅಂಗಿ ಹಾಕಿಕೊಳ್ಳುವ ಮಗುವಿಗೆ ಚುಚ್ಚಬಾರದು ಅಂತ. ಒಳ್ಳೆಯ ನಿಯಮವೇ, ನನ್ನ ತಕರಾರಿಲ್ಲ.

ನಾನು ಕೆಲವು ವರ್ಷ ಒಂದು ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ ಮುಂದೆ ನಿಂತು ಕೆಲಸ ಮಾಡಿದ್ದೇನೆ. ಒಂದು ಮಧ್ಯಾಹ್ನ ನಮ್ಮ ಲೈನಿನ ಟೈಲರ್ ಅಕ್ಕ ಒಬ್ಬರ ತೋರುಬೆರಳಿಗೆ ಸೂಜಿ ಹೊಕ್ಕಿತು. ಉಗುರನ್ನು ತೂರಿಕೊಂಡು ಹೋಗಿ ಒಳಗೇ ಮುರಿಯಿತು. ಬೆರಳಿಗೆ ಅಡ್ಡ ಬರುವ ಗಾರ್ಡ್ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು. ಆದರೆ ಅದನ್ನು ಪಕ್ಕಕ್ಕೆ ತಿರುಗಿಸಿ ಇಟ್ಟಿದ್ದರು, ಯಾಕಂದ್ರೆ ಅದಿದ್ದರೆ ಕಾಲರ್ ಮೂಲೆ ತಿರುಗಿಸುವಾಗ ಕೈ ನಿಧಾನ ಆಗುತ್ತದೆ, ಕೈ ನಿಧಾನ ಆದರೆ ಆ ಗಂಟೆಯ ಟಾರ್ಗೆಟ್ ಹೋಯಿತು, ಟಾರ್ಗೆಟ್ ಹೋದರೆ ಎಲ್ಲರ ಮುಂದೆ ಬೈಗುಳ. ಸೂಪರ್‌ವೈಸರ್ ಓಡಿ ಬಂದರು. ಮೊದಲು ಕೇಳಿದ್ದು, "ಇನ್ನೊಂದು ತುಂಡೆಲ್ಲಿ?"

ಇನ್ನೊಂದು ತುಂಡು ಬೆರಳಿನಲ್ಲಿತ್ತು. ಅದನ್ನು ತೆಗೆದು, ಒರೆಸಿ, ರಿಜಿಸ್ಟರ್‌ನಲ್ಲಿ ಅಂಟಿಸಿದರು. ಬೆರಳಿಗೆ ಒಂದು ಪಟ್ಟಿ ಸುತ್ತಿದರು. ಅರ್ಧ ಗಂಟೆ ಬಿಟ್ಟು ಆ ಅಕ್ಕ ಮತ್ತೆ ಮೆಷಿನ್ ಮುಂದೆ. ಅಪಘಾತ ಬರೆಯುವ ಪುಸ್ತಕವೂ ಒಂದಿತ್ತು ನೋಡಿ, ಅದರಲ್ಲಿ ಆ ದಿನ ಏನೂ ಬರೆಯಲಿಲ್ಲ. ಸೂಪರ್‌ವೈಸರ್ ಕೆಟ್ಟವರೇನಲ್ಲ, ಅವರ ತಲೆ ಮೇಲೂ ಒಬ್ಬರು ನಿಂತಿದ್ದರು.

ಸುರಕ್ಷತೆ ಅಂದ ತಕ್ಷಣ ದೊಡ್ಡವರೆಲ್ಲ ಕಾರ್ಮಿಕರಿಗೆ ತಿಳುವಳಿಕೆ ಕೊಡಬೇಕು ಅಂತ ಶುರು ಮಾಡುತ್ತಾರೆ. ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ. ಆ ಅಕ್ಕನಿಗೆ ಗಾರ್ಡ್ ಯಾಕಿದೆ ಅಂತ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಅವರಿಗೆ ಇರದೇ ಇದ್ದದ್ದು, ನಿಧಾನ ಆದರೂ ಪರವಾಗಿಲ್ಲ ಅನ್ನುವ ಧೈರ್ಯ.

ಇದೇ ಮಾತು ದೊಡ್ಡ ಅಳತೆಯಲ್ಲಿ ನಿಜವಾದದ್ದು 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ಢಾಕಾ ಪಕ್ಕದ ಸಾವರ್‌ನಲ್ಲಿ. ರಾಣಾ ಪ್ಲಾಜಾ ಅನ್ನುವ ಎಂಟು ಮಹಡಿಯ ಕಟ್ಟಡ. ಅಂಗಡಿ, ಆಫೀಸು ಇರಲಿ ಅಂತ ಕಟ್ಟಿದ್ದರ ಮೇಲೆ ಅನುಮತಿ ಇಲ್ಲದೆ ಮಹಡಿ ಏರಿಸಿ, ಐದು ಗಾರ್ಮೆಂಟ್ಸ್ ಫ್ಯಾಕ್ಟರಿಗಳನ್ನು ತುಂಬಿ, ಮೇಲೆ ಭಾರದ ಜನರೇಟರ್ ಬೇರೆ ಇಟ್ಟಿದ್ದರು. ಹಿಂದಿನ ದಿನವೇ ಗೋಡೆ, ಕಂಬ ಬಿರುಕು ಬಿಟ್ಟಿದ್ದವು. ಎಲ್ಲರೂ ನೋಡಿದ್ದರು. ಕೆಳಗಿದ್ದ ಬ್ಯಾಂಕ್ ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಹೊಲಿಯುವವರು ಮಾತ್ರ ಮರುದಿನ ಬೆಳಿಗ್ಗೆ ಬರಲೇಬೇಕಾಯಿತು, ಬರದಿದ್ದರೆ ಸಂಬಳ ಸಿಗುವುದಿಲ್ಲ ಅಂತ ಹೆದರಿಸಿದ್ದರು. ಕರೆಂಟ್ ಹೋಯಿತು, ಜನರೇಟರ್ ಚಾಲೂ ಆಯಿತು, ಕಟ್ಟಡ ಕುಸಿಯಿತು. ಸತ್ತವರು 1,134 ಜನ.

ಬ್ಯಾಂಕಿನವರು ಕಂಡದ್ದೂ ಅದೇ ಬಿರುಕು, ಹೊಲಿಯುವವರು ಕಂಡದ್ದೂ ಅದೇ ಬಿರುಕು ಅಲ್ವಾ?

ಅದಕ್ಕೂ ಐದು ತಿಂಗಳ ಹಿಂದೆ, 2012ರ ನವೆಂಬರ್‌ನಲ್ಲಿ, ಅದೇ ಢಾಕಾ ಹತ್ತಿರ ತಜ್ರೀನ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಅಲಾರಂ ಹೊಡೆಯಿತು, ಜನ ಎದ್ದರು, ಏನಿಲ್ಲ ಕೂತ್ಕೊಳ್ಳಿ ಅಂದರು ಮ್ಯಾನೇಜರ್‌ಗಳು ಅಂತ ಬದುಕಿ ಉಳಿದವರು ಹೇಳಿದ್ದಾರೆ. 100ಕ್ಕೂ ಹೆಚ್ಚು ಜನ ಸತ್ತರು. ಇದೆಲ್ಲ ಬಡ ದೇಶದ ಕಥೆ ಅನ್ನಬೇಡಿ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್ ಫ್ಯಾಕ್ಟರಿಯಲ್ಲಿ 146 ಜನ ಸತ್ತರು, ಹೆಚ್ಚಿನವರು ಎಳೆ ವಯಸ್ಸಿನ ಹುಡುಗಿಯರು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿದ್ದರು. ಮನೆಗೆ ಹೋಗುವಾಗ ಎಲ್ಲರೂ ಒಂದೇ ಬಾಗಿಲಿಂದ ಹೋಗಲಿ, ಬ್ಯಾಗ್ ಚೆಕ್ ಮಾಡೋಣ, ಬಟ್ಟೆ ಕದ್ದಾರು ಅಂತ. ಅವತ್ತು ಬೀದಿಯಲ್ಲಿ ನಿಂತು ಆ ಹುಡುಗಿಯರು ಕಿಟಕಿಯಿಂದ ಹಾರಿದ್ದನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಹೆಣ್ಣುಮಗಳು ಮುಂದೆ 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿ ಆದರು.

ಇನ್ನು ಆಡಿಟ್ ವಿಷಯ, ಅಂದ್ರೆ ಫ್ಯಾಕ್ಟರಿಯಲ್ಲಿ ಎಲ್ಲ ನಿಯಮದಂತೆ ಇದೆಯಾ ಅಂತ ಹೊರಗಿನವರು ಬಂದು ಮಾಡುವ ತಪಾಸಣೆ. ಆಡಿಟ್ ದಿನ ಫ್ಯಾಕ್ಟರಿ ನೋಡಬೇಕು ನೀವು! ಓಡಾಡುವ ದಾರಿಯಲ್ಲಿ ಪೇರಿಸಿದ್ದ ಡಬ್ಬಗಳೆಲ್ಲ ಮಾಯ, ಹೊಸ ಮಾಸ್ಕ್, ಕಟಿಂಗ್ ಮಾಡುವವರ ಕೈಗೆ ಸಣ್ಣ ಸ್ಟೀಲ್ ಬಳೆಗಳನ್ನು ಹೆಣೆದ ಗ್ಲೌಸ್, ಟಾಯ್ಲೆಟ್‌ನಲ್ಲಿ ಸೋಪು. ಸಂಜೆ ಗ್ಲೌಸ್ ವಾಪಸ್ ಸ್ಟೋರಿಗೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಫ್ಯಾಕ್ಟರಿ ಹೊತ್ತಿ ಉರಿದು 250ಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಫ್ಯಾಕ್ಟರಿಗೆ ಕೆಲವೇ ವಾರಗಳ ಹಿಂದೆ, ಕೆಲಸದ ಜಾಗ ಸರಿಯಾಗಿದೆ ಅನ್ನುವ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ಕಿತ್ತು.

ಹಾಗಾದರೆ ಏನು ಮಾಡಿದರೆ ಬದಲಾಗುತ್ತದೆ? ಒಂದು ಉದಾಹರಣೆ ಇದೆ. ರಾಣಾ ಪ್ಲಾಜಾ ಆದ ಮರು ತಿಂಗಳೇ, 2013ರ ಮೇನಲ್ಲಿ, ಬಟ್ಟೆ ಕೊಳ್ಳುವ ಕಂಪನಿಗಳೂ ಕಾರ್ಮಿಕ ಸಂಘಗಳೂ ಕೂತು ಅಕಾರ್ಡ್ ಅನ್ನುವ ಒಪ್ಪಂದ ಮಾಡಿಕೊಂಡರು. 200ಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಇದು ಸುಮ್ನೆ ಭರವಸೆ ಪತ್ರ ಅಲ್ಲ, ತಪ್ಪಿದರೆ ಕಾನೂನಿನ ಮೂಲಕ ಕೇಳಬಹುದು. ಎಂಜಿನಿಯರುಗಳು ಫ್ಯಾಕ್ಟರಿಗಳನ್ನು ನೋಡಿ ಬರೆದ ವರದಿಯನ್ನು ಯಾರು ಬೇಕಾದರೂ ಓದಬಹುದು. ರಿಪೇರಿಗೆ ದುಡ್ಡು ಹೊಂದುವಂತೆ ನೋಡಿಕೊಳ್ಳುವುದು ಕೊಳ್ಳುವವರ ಹೊಣೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅಪಾಯ ಇದೆ ಅನಿಸಿದರೆ ಕೆಲಸ ಮಾಡಲ್ಲ ಅನ್ನುವ ಹಕ್ಕು, ಸಂಬಳ ಕಳೆದುಕೊಳ್ಳದೆ. ಬೀಗ ಹಾಕುವ ಕಬ್ಬಿಣದ ಗೇಟುಗಳು ಕಳಚಿ ಬಿದ್ದವು, ಬೆಂಕಿ ತಡೆಯುವ ಬಾಗಿಲುಗಳು ಬಂದವು. 2023ರಲ್ಲಿ ಇದು ಪಾಕಿಸ್ತಾನಕ್ಕೂ ಹೋಯಿತು.

ಆದರೆ ಬೆಂಕಿ, ಕುಸಿತ ಇವೆಲ್ಲ ಸುದ್ದಿಯಾಗುತ್ತವೆ. ಮೆಲ್ಲಗೆ ಕೊಲ್ಲುವವು ಬೇರೆ. ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಮ್ಮಿ ಆಗುತ್ತದೆ ಅಂತ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದ ಹೆಂಗಸರು ಎಷ್ಟು ಜನ ಗೊತ್ತಾ? ಉರಿಮೂತ್ರ ಅಂತ ಬಾಯಿ ಬಿಟ್ಟು ಯಾರ ಹತ್ತಿರ ಹೇಳುತ್ತಾರೆ? ಜೀನ್ಸ್ ಹಳೆಯದಾಗಿ ಕಾಣಲಿ ಅಂತ ಮರಳು ಚಿಮ್ಮಿಸಿ ಉಜ್ಜುತ್ತಿದ್ದ ಕೆಲಸದಲ್ಲಿ ಟರ್ಕಿಯ ಎಳೆ ಹುಡುಗರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಅನ್ನುವ, ಮರಳಿನ ದೂಳಿನಿಂದ ಬರುವ ರೋಗ ಹತ್ತಿತು, 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ಹೊಸ ಪ್ಯಾಂಟು ಹಳೆಯದಾಗಿ ಕಾಣಬೇಕು, ಅದಕ್ಕೆ!

ಮಾಲೀಕರನ್ನೇ ಬೈದು ಮುಗಿಸೋದೂ ಸರಿಯಲ್ಲ. ಬಯರ್, ಅಂದ್ರೆ ಬಟ್ಟೆ ಕೊಳ್ಳುವ ಕಂಪನಿಯವರು, ಒಂದು ಮೇಲ್‌ನಲ್ಲಿ ಸುರಕ್ಷತೆ ಮುಖ್ಯ ಅನ್ನುತ್ತಾರೆ, ಮುಂದಿನ ಮೇಲ್‌ನಲ್ಲಿ ಪೀಸಿನ ರೇಟು ಇಳಿಸಿ ಅನ್ನುತ್ತಾರೆ, ಬಣ್ಣವೋ ಬಟನ್ನೋ ಕೊನೇ ಗಳಿಗೆಯಲ್ಲಿ ಬದಲಾಯಿಸುತ್ತಾರೆ, ಶಿಪ್‌ಮೆಂಟ್ ತಾರೀಖು ಮಾತ್ರ ಬದಲಾಗಲ್ಲ. ಆ ಒತ್ತಡ ಮೇಲಿಂದ ಇಳಿದು ಇಳಿದು ಕೊನೆಗೆ ಒಂದು ಫಿಂಗರ್ ಗಾರ್ಡನ್ನು ಪಕ್ಕಕ್ಕೆ ತಿರುಗಿಸುತ್ತದೆ.

ಇದನ್ನು ಕೇಳುತ್ತಿರುವವರಲ್ಲಿ ನಾಳೆ ಲೈನಿಗೆ ಹೋಗುವವರೂ ಇರಬಹುದು. ಒಂದು ಸಣ್ಣ ಕೆಲಸ ಮಾಡಿ. ಊಟದ ಬಿಡುವಿನಲ್ಲಿ ಒಬ್ಬರೇ ಬೇಡ, ನಾಲ್ಕು ಜನ ಸೇರಿ, ತುರ್ತು ಬಾಗಿಲ ಹತ್ತಿರ ಹೋಗಿ ತಳ್ಳಿ ನೋಡಿ. ಹೊರಗಡೆಗೆ ತೆರೆಯುತ್ತಾ? ಆಚೆ ಬದಿ ಡಬ್ಬ ಪೇರಿಸಿದ್ದಾರಾ? ಬೀಗ ಇದ್ದರೆ ಕೀ ಯಾರ ಹತ್ತಿರ ಇದೆ ಅಂತ ಕೇಳಿ. ಅವರು ಇವತ್ತು ಬಂದಿದ್ದಾರಾ ಅಂತಲೂ ಕೇಳಿ.

ನಮಸ್ಕಾರ.