ಅರ್ಧ ಮುರಿದ ಮಾತ್ರೆ

ಕೇಳುಗರೇ, ನಮಸ್ಕಾರ.

ನಮ್ಮಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಹೋದ ವರ್ಷ ಊರಿಗೆ ಹೋದಾಗ ನೋಡುತ್ತೇನೆ, ಡಬ್ಬಿಯಲ್ಲಿ ಮಾತ್ರೆಗಳೆಲ್ಲ ಅರ್ಧ ಅರ್ಧ ಮುರಿದಿವೆ. ಯಾಕಮ್ಮ ಅಂದರೆ, ಒಂದು ತಿಂಗಳದ್ದು ಎರಡು ತಿಂಗಳು ಬರುತ್ತಲ್ವಾ ಅಂದರು. ಆಯುಷ್ಮಾನ್ ಕಾರ್ಡ್ ಮಾತ್ರ ಬೀರುವಿನಲ್ಲಿ, ರೇಷನ್ ಕಾರ್ಡಿನ ಜೊತೆ ಜೋಪಾನವಾಗಿತ್ತು.

ಎಲ್ಲರಿಗೂ ಆರೋಗ್ಯ ವಿಮೆ ಅನ್ನುವ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. 2003ರಲ್ಲಿ ಯಶಸ್ವಿನಿ ಅನ್ನುವ ಆರೋಗ್ಯ ಯೋಜನೆ ಶುರುವಾದಾಗ ಸಹಕಾರ ಸಂಘದ ರೈತರು ವರ್ಷಕ್ಕೆ ಕಟ್ಟಿದ್ದು 60 ರೂಪಾಯಿ, ಅಂದರೆ ತಿಂಗಳಿಗೆ ಬರೀ 5. ಲಕ್ಷಾಂತರ ಜನ ಒಂದೊಂದು ಹಿಡಿ ಹಾಕಿದರು, ಅದರಲ್ಲಿ ಹೃದಯದ ಆಪರೇಷನ್ನೂ ನಡೆಯಿತು. ಆಮೇಲೆ ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು.

ಅಲ್ಲಿ ಮಾಡಿದ ಲೆಕ್ಕ ಹೀಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಗೊತ್ತು ಮಾಡಿದ ದರದ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷ ದಾಟುವಂತಿಲ್ಲ. ಒಂದು ಲಕ್ಷದ ಆಪರೇಷನ್ ಆದರೆ 70 ಸಾವಿರ ಮನೆಯಿಂದಲೇ ಹೋಗಬೇಕು. ಕಾರ್ಡಿನ ಬಣ್ಣದಲ್ಲಿ ಎಪಿಎಲ್ ಆಗಿ, ಒಂದು ಕಾಯಿಲೆ ಬಂದರೆ ಬಡವರಾಗಿಬಿಡುವ ಚಿಕ್ಕ ಅಂಗಡಿಯವರು, ಆಟೋ ಓಡಿಸುವವರು ಎಷ್ಟು ಜನ ಇದ್ದಾರೆ! ಅವರನ್ನು ಹೊರಗಿಟ್ಟು 'ಎಲ್ಲರಿಗೂ' ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡುವುದು ಅಮ್ಮನ ಆ ಡಬ್ಬಿ. ಈ ಕಾರ್ಡ್ ಕೆಲಸ ಮಾಡುವುದು ಆಸ್ಪತ್ರೆಗೆ ಅಡ್ಮಿಟ್ ಆದಾಗ. ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಮಲಗಿದರೆ ಯೋಜನೆ ದುಡ್ಡು ಕೊಡುತ್ತದೆ, ಕಿಡ್ನಿ ಕೆಡದ ಹಾಗೆ ಕಾಯುವ ದಿನದ ಮಾತ್ರೆಗೆ ಕೊಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತಲ್ಲ ಅನ್ನಬಹುದು. ಸಿಗುತ್ತದೆ, ಆದರೆ ಮಂಡಿನೋವಿನ ಮುದುಕಿ ಎರಡು ಬಸ್ ಹತ್ತಿ ಹೋದ ದಿನ ಸ್ಟಾಕ್ ಇರಬೇಕು, ಡಾಕ್ಟರೂ ಇರಬೇಕು. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಇದನ್ನೇ ತಿದ್ದಲು ಹೊರಟಿದ್ದು: ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವುದು. ನನ್ನ ಪ್ರಕಾರ ದೊಡ್ಡ ವಿಮೆಯ ದುಡ್ಡು ಮೊದಲು ಹರಿಯಬೇಕಾದದ್ದು ಅಲ್ಲಿಗೆ.

ಈಗ ಒಂದು ಉಪಯೋಗದ ಮಾತು. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಇದು ಗೊತ್ತಿಲ್ಲದೆ ಸುಮ್ನೆ ಅಲೆದವರು ಬಹಳ ಜನ. ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಪತ್ರ ಬೇಡ, ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಅಲ್ಲಿ ಯೋಜನೆಯ ಕೆಲಸಕ್ಕೆ ನೆರವಾಗುವ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಅವರ ಹತ್ತಿರ ಹೋಗಿ. ಬಿಲ್ ಆದ ಮೇಲೆ ಅಲ್ಲ, ಅಡ್ಮಿಟ್ ಆಗುವಾಗಲೇ.