ಕಲ್ಲು ಹೇಳಿದ್ದು, ಕಾಗದ ಹೇಳಿದ್ದು: ಜಾನ್ ಹೌಲ್ಯಾಂಡ್‌ನ ಹುಡುಕಾಟ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ತಮ್ಮ ವಂಶದ ಬೇರು ಹುಡುಕುತ್ತಾ ಹೋದವರಲ್ಲಿ ಎಷ್ಟೋ ಜನ ಕೊನೆಗೆ ಬಂದು ನಿಲ್ಲುವುದು ಒಬ್ಬ ಆಳಿನ ಹೆಸರಿನ ಮುಂದೆ. ಅವನು ಜಾನ್ ಹೌಲ್ಯಾಂಡ್. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವನ ವಂಶದವರು, ಇಬ್ಬರು ಬುಷ್‌ಗಳೂ ಅಷ್ಟೇ. ಆದರೆ 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆಗಾರರನ್ನು ಹೊತ್ತು ಹೊರಟ ಮೇಫ್ಲವರ್ ಹಡಗು ಹತ್ತಿದಾಗ ಅವನು ಜಾನ್ ಕಾರ್ವರ್ ಎಂಬ ಅನುಕೂಲಸ್ಥರ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗ. ಆಳುಗಳ ಬಗ್ಗೆ ಆ ಕಾಲದಲ್ಲಿ ಯಾರು ಬರೆದಿಡುತ್ತಿದ್ದರು ಹೇಳಿ?

ಇವನ ಬಗ್ಗೆ ಬರೆದರು, ಯಾಕೆಂದರೆ ಇವನು ಸಮುದ್ರಕ್ಕೆ ಬಿದ್ದ! ಅಟ್ಲಾಂಟಿಕ್ ಮಧ್ಯದಲ್ಲಿ ದೊಡ್ಡ ಬಿರುಗಾಳಿ ಎದ್ದಾಗ ಹಡಗು ಒಂದು ಕಡೆ ವಾಲಿತು, ಮೇಲೆ ಬಂದಿದ್ದ ಹೌಲ್ಯಾಂಡ್ ನೀರಿಗೆ ಹೋದ. ಹೊರಗೆ ನೇತಾಡುತ್ತಿದ್ದ ಹಾಯಿಯ ಹಗ್ಗವೊಂದು ಕೈಗೆ ಸಿಕ್ಕಿತು. ಎಷ್ಟೋ ಮಾರು ನೀರಿನ ಅಡಿಗೆ ಹೋದರೂ ಅದನ್ನು ಬಿಡಲಿಲ್ಲ. ಆಮೇಲೆ ಅದೇ ಹಗ್ಗದಿಂದ ಎಳೆದು, ಕೊಕ್ಕೆ ಹಾಕಿ ಮೇಲೆತ್ತಿದರು. ಇದನ್ನು ಬರೆದಿಟ್ಟವರು ಈ ವಲಸೆಗಾರರು ಅಮೆರಿಕದಲ್ಲಿ ಕಟ್ಟಿದ ಪ್ಲಿಮತ್ ವಸಾಹತಿನ ಗವರ್ನರ್ ಆಗಿದ್ದ ವಿಲಿಯಂ ಬ್ರಾಡ್‌ಫರ್ಡ್. ಇಂಗ್ಲೆಂಡಿನ ಚರ್ಚನ್ನು ಒಳಗಿದ್ದುಕೊಂಡೇ ಶುದ್ಧ ಮಾಡಬೇಕು ಎನ್ನುವವರು ಪ್ಯೂರಿಟನ್ನರು. ಬ್ರಾಡ್‌ಫರ್ಡ್ ಅವರ ಗುಂಪಿನವರು ಒಂದು ಹೆಜ್ಜೆ ಮುಂದೆ ಹೋಗಿ ಆ ಚರ್ಚನ್ನೇ ಬಿಟ್ಟು ಬಂದವರು.

ಆ ಮೊದಲ ಚಳಿಗಾಲ ಭೀಕರ. 102 ಪ್ರಯಾಣಿಕರಲ್ಲಿ ಸುಮಾರು ಅರ್ಧ ಜನ ಉಳಿಯಲಿಲ್ಲ. ವಸಂತದಲ್ಲಿ, ವಸಾಹತಿನ ಮೊದಲ ಗವರ್ನರ್ ಆಗಿದ್ದ ಕಾರ್ವರ್ ಸತ್ತರು, ಕೆಲವೇ ವಾರದಲ್ಲಿ ಅವರ ಹೆಂಡತಿಯೂ ಹೋದರು. ಎಲಿಜಬೆತ್ ಟಿಲ್ಲಿ ಎಂಬ 13 ವರ್ಷದ ಹುಡುಗಿಗಂತೂ ಅಪ್ಪ, ಅಮ್ಮ, ಜೊತೆಗೆ ಬಂದಿದ್ದ ಚಿಕ್ಕಪ್ಪ, ಚಿಕ್ಕಮ್ಮ ಯಾರೂ ಇಲ್ಲದಂತಾಯಿತು. ಇವರೆಲ್ಲ ಬಂದು ನೆಲೆ ನಿಂತ ಜಾಗವೂ ಸುಮ್ನೆ ಖಾಲಿ ಬಿದ್ದಿದ್ದ ಕಾಡಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟುಕ್ಸೆಟ್ ಊರು. ಯುರೋಪಿನವರ ಜೊತೆ ಬಂದ ರೋಗಕ್ಕೆ ಕೆಲವೇ ವರ್ಷ ಮೊದಲು ಆ ಊರಿಗೆ ಊರೇ ಬಲಿಯಾಗಿತ್ತು. ಈ ವಂಶದ ಕಥೆ ಹೇಳುವವರು ಇದನ್ನೂ ಸೇರಿಸಿ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಹುಡುಕಾಟದ ಮುಖ್ಯ ವಿಷಯಕ್ಕೆ ಬರ್ತೀನಿ. ಹೌಲ್ಯಾಂಡ್ ಮದುವೆಯಾಗಿದ್ದು ಯಾರನ್ನು? ತಲೆಮಾರುಗಳ ಕಾಲ ವಂಶದವರು ಹೇಳುತ್ತಿದ್ದ ಉತ್ತರ, ಗವರ್ನರ್ ಕಾರ್ವರ್ ಮಗಳನ್ನು ಎಂದು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ, ಮನೆಯ ಆಳು ಯಜಮಾನರ ಅಳಿಯನಾದ ಕಥೆ. 19ನೇ ಶತಮಾನದಲ್ಲಿ ಪ್ಲಿಮತ್‌ನ ಬರಿಯಲ್ ಹಿಲ್ ಸ್ಮಶಾನದಲ್ಲಿ ಅವನ ಹೆಸರಿನಲ್ಲಿ ಕಲ್ಲು ನೆಟ್ಟಾಗ ಇದನ್ನೇ ಕೆತ್ತಿಸಿದರು. ಅತ್ತ ಬ್ರಾಡ್‌ಫರ್ಡ್ ಅವರ ಹಸ್ತಪ್ರತಿ ಅಮೆರಿಕದ ಕ್ರಾಂತಿಯ ಗಲಾಟೆಯಲ್ಲಿ ಬಾಸ್ಟನ್‌ನಿಂದ ಕಾಣೆಯಾಗಿತ್ತು. 1855ರಲ್ಲಿ ಅದು ಪತ್ತೆಯಾಗಿದ್ದು ಎಲ್ಲಿ ಗೊತ್ತಾ, ಲಂಡನ್ ಬಿಷಪ್ ಅವರ ಫುಲಂ ಅರಮನೆಯ ಗ್ರಂಥಾಲಯದಲ್ಲಿ. ಮರುವರ್ಷ ಅಚ್ಚಾಯಿತು. ಅದರಲ್ಲಿ ಮೇಫ್ಲವರ್‌ನಲ್ಲಿ ಬಂದವರು ಏನಾದರು ಎಂಬ ಪಟ್ಟಿಯಿತ್ತು, ಹೌಲ್ಯಾಂಡ್ ಹೆಸರಿನ ಮುಂದೆ ಸ್ಪಷ್ಟವಾಗಿ ಬರೆದಿತ್ತು: ಮದುವೆಯಾಗಿದ್ದು ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಳನ್ನು, 10 ಮಕ್ಕಳು, ಎಲ್ಲರೂ ಬದುಕಿದ್ದಾರೆ. ಕೊನೆಗೆ ಸ್ಮಶಾನದ ಕಲ್ಲನ್ನೇ ಬದಲಾಯಿಸಬೇಕಾಯಿತು. ಆ ಅನಾಥ ಹುಡುಗಿ ತನ್ನ ಸಂಸಾರದ ಕಥೆಯಲ್ಲಿ ತನ್ನ ಜಾಗಕ್ಕೆ ವಾಪಸ್ ಬರಲು 200 ವರ್ಷಕ್ಕೂ ಜಾಸ್ತಿ ಹಿಡಿಯಿತು. ನನಗೆ ಸಮುದ್ರದ ಕಥೆಗಿಂತ ಇದೇ ಹೆಚ್ಚು ಮುಟ್ಟುತ್ತದೆ.

ಹಾಗಾಗಿ ಮನೆಯವರ ಮಾತನ್ನು ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಚಿಕ್ಕಪುಟ್ಟ ಲೆಕ್ಕದ ಕಾಗದ ನೋಡಿ. 1627ರಲ್ಲಿ ಪ್ಲಿಮತ್‌ನವರು ದನಗಳನ್ನು ಗುಂಪುಗಳಿಗೆ ಹಂಚಿಕೊಂಡರು. ಆ ಪಟ್ಟಿಯಲ್ಲಿ ಹೌಲ್ಯಾಂಡ್, ಎಲಿಜಬೆತ್, ಅವರ ಮಕ್ಕಳಾದ ಡಿಸೈರ್ ಮತ್ತು ಜಾನ್ ಇದ್ದಾರೆ. ಅವರ ಪಾಲಿಗೆ ಬಂದ ಕಡಸಿನ ಹೆಸರೂ ಇದೆ, ರ‍್ಯಾಗ್‌ಹಾರ್ನ್! ಆ ವರ್ಷ ಯಾವ ಮನೆಯಲ್ಲಿ ಯಾರಿದ್ದರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ತಾರೀಕಿನಲ್ಲಿ ಹುಷಾರು. ಹೌಲ್ಯಾಂಡ್ ಸತ್ತಿದ್ದು ಫೆಬ್ರವರಿ 23, 1672/3. ಎರಡು ಇಸವಿ ಯಾಕೆ? ಆಗ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1752ರಲ್ಲಷ್ಟೇ ಅದು ಬದಲಾಯಿತು. ಅವರ ಲೆಕ್ಕಕ್ಕೆ ಅದು 1672, ನಮ್ಮ ಲೆಕ್ಕಕ್ಕೆ 1673. ಇದು ಗೊತ್ತಿಲ್ಲದೆ ಹೋದರೆ ಮಗು ಹುಟ್ಟಿದ್ದು ಅಪ್ಪ ಅಮ್ಮನ ಮದುವೆಗೆ ಮೊದಲೇ ಎಂದು ಬರೆದುಬಿಡುತ್ತೀರಿ.

ಇನ್ನು ಉಯಿಲು. ಹೆಣ್ಣುಮಕ್ಕಳ ಕವಲು ಹಿಡಿಯಲು ಇದು ಒಳ್ಳೆಯ ದಾರಿ, ಯಾಕೆಂದರೆ ಮದುವೆಯ ನಂತರದ ಹೆಸರು ಅಲ್ಲಿ ಸಿಗುತ್ತದೆ. ಹೌಲ್ಯಾಂಡ್ ಉಯಿಲಿನಲ್ಲಿ ಹೋಪ್ ಚಿಪ್‌ಮನ್ ಇದ್ದಾಳೆ, ಡಿಸೈರ್ ಗೋರಂ ಇದ್ದಾಳೆ. ಎಲಿಜಬೆತ್ ತಾನೇ 1686ರಲ್ಲಿ ಉಯಿಲು ಬರೆಸಿದಳು. ದೊಡ್ಡ ಮಗ ಜಾನ್‌ಗೆ ಐದು ಪೌಂಡ್, ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್‌ನ ಬರಹಗಳ ಪುಸ್ತಕ, ಒಂದು ಜೊತೆ ಹಾಸಿಗೆ ಬಟ್ಟೆ. ಮಗ ಜೋಸೆಫ್‌ಗೆ ತೂಕದ ಕೋಲು. ಮರುವರ್ಷ ಸ್ವಾನ್‌ಸೀಯಲ್ಲಿ ಮಗಳು ಲಿಡಿಯಾ ಮನೆಯಲ್ಲಿ ತೀರಿಕೊಂಡಳು. ಅದಕ್ಕೇ ಅವಳ ಸಮಾಧಿ ಪ್ಲಿಮತ್‌ನಲ್ಲಿಲ್ಲ. ಆಗಿನ ಸ್ವಾನ್‌ಸೀಯ ಆ ಭಾಗ ಈಗ ರೋಡ್ ಐಲೆಂಡ್‌ನ ಈಸ್ಟ್ ಪ್ರಾವಿಡೆನ್ಸ್‌ನಲ್ಲಿದೆ, ಸಮಾಧಿ ನೋಡಬೇಕೆಂದರೆ ನೀವು ಅಲ್ಲಿಗೆ ಹೋಗಬೇಕು.