ಕೆಂಪು ಪಿಟೀಲು, ಅಮ್ಮನ ವೀಣೆ

ಕೇಳುಗರೆಲ್ಲರಿಗೂ ನಮಸ್ಕಾರ. ಪಿಟೀಲು ಎಂದರೆ ಮೈಸೂರಿನವರಿಗೆ ಮೊದಲು ನೆನಪಾಗುವವರು ಚೌಡಯ್ಯನವರು. ಇಂದು ನಾನು ಮಾತನಾಡುವುದು ಒಂದು ಪಿಟೀಲೇ ನಾಯಕನಾಗಿರುವ ಚಿತ್ರದ ಬಗ್ಗೆ. ಅದು 1998ರಲ್ಲಿ ಬಂದ, ಕೆನಡಾದ ಫ್ರಾಂಸ್ವಾ ಜಿರಾರ್ ನಿರ್ದೇಶಿಸಿದ ‘ದಿ ರೆಡ್ ವಯಲಿನ್’.

ಇಟಲಿಯ ಕ್ರೆಮೋನಾದಲ್ಲಿ 1681ರಲ್ಲಿ ಹುಟ್ಟುವ ಕೆಂಪು ಪಿಟೀಲು ವಿಯೆನ್ನಾ, ಆಕ್ಸ್‌ಫರ್ಡ್, ಶಾಂಘೈ ದಾಟಿ ಮಾಂಟ್ರಿಯಲ್‌ನ ಹರಾಜುಕಟ್ಟೆಗೆ ಬರುತ್ತದೆ. ಪಿಟೀಲು ಮಾಡಿದವನ ಗರ್ಭಿಣಿ ಹೆಂಡತಿ ಆರಂಭದಲ್ಲಿ ಗುನುಗುವ ಪುಟ್ಟ ರಾಗವೇ ಮೂರು ಶತಮಾನಗಳನ್ನು ಪೋಣಿಸುವ ದಾರ. ಸಂಗೀತ ಸಂಯೋಜಿಸಿದ ಜಾನ್ ಕೊರಿಲಿಯಾನೊ ಅವರಿಗೆ ಆಸ್ಕರ್ ಬಂದಿತು. ಪಿಟೀಲು ನುಡಿಸಿದವರು ಜೋಶುವಾ ಬೆಲ್. ಕಣ್ಣು ಮುಚ್ಚಿ ಕೇಳಿದರೂ ಕಥೆ ತಿಳಿಯುವಷ್ಟು ಸ್ಪಷ್ಟವಾಗಿ ಆ ರಾಗ ಊರೂರಿಗೂ ವೇಷ ಬದಲಿಸುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಶಾಂಘೈ ಭಾಗ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಪಾಶ್ಚಾತ್ಯ ವಾದ್ಯ ಇಟ್ಟುಕೊಳ್ಳುವುದೇ ಅಪರಾಧ. ತಾಯಿಯೊಬ್ಬಳು ಬಚ್ಚಿಟ್ಟಿದ್ದ ಪಿಟೀಲನ್ನು ತೆಗೆದು ಮಗನ ಮುಂದೆ ನುಡಿಸುವಾಗ ಉಸಿರು ಬಿಗಿಹಿಡಿದೆ. ಆಕ್ಸ್‌ಫರ್ಡ್ ಭಾಗ ಮಾತ್ರ ಅಬ್ಬರದ ಪ್ರಣಯದಲ್ಲಿ ಮುಳುಗಿ ಸಂಗೀತವನ್ನು ಮರೆತಿದೆ.

ಇನ್ನೂ ದೊಡ್ಡ ಕೊರತೆಯೊಂದಿದೆ. ಪಿಟೀಲಿನ ಕೆಂಪು ಬಣ್ಣದ ಗುಟ್ಟನ್ನು ನಾನು ಒಡೆಯುವುದಿಲ್ಲ. ಆದರೆ ನಾದದ ಮಹಿಮೆಯನ್ನೆಲ್ಲ ಆ ಒಂದೇ ಗುಟ್ಟಿಗೆ ಕಟ್ಟಿಹಾಕಿದ್ದು ಕಸುಬಿಗೆ ಮಾಡಿದ ಅನ್ಯಾಯ. ಕ್ರೆಮೋನಾದ ಹಳೆಯ ಪಿಟೀಲುಗಳು ಹುಟ್ಟಿದ ರೂಪದಲ್ಲೇ ಉಳಿದಿಲ್ಲ. 1800ರ ಆಸುಪಾಸಿನಿಂದ ದೊಡ್ಡ ಸಭಾಂಗಣಗಳಿಗೆ ಬೇಕಾದ ತುಂಬು ನಾದಕ್ಕಾಗಿ ಹೆಚ್ಚಿನವುಗಳ ಕುತ್ತಿಗೆಯನ್ನೇ ಬದಲಿಸಿದರು. ನಮ್ಮ ಚೌಡಯ್ಯನವರೂ ಧ್ವನಿವರ್ಧಕವಿಲ್ಲದ ಕಛೇರಿಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದರು. ಈ ರಿಪೇರಿಯ ಕೈಗಳಿಗೆ ಚಿತ್ರದಲ್ಲಿ ಜಾಗ ತೀರ ಕಡಿಮೆ.

ಚಿತ್ರ ನೋಡುವಾಗಲೆಲ್ಲ ನನಗೆ ಅಮ್ಮನ ವೀಣೆಗೆ ಮೇಳ ಕಟ್ಟಿಸಿದ, ಅಂದರೆ ಸ್ವರಸ್ಥಾನದ ಮೆಟ್ಟಿಲುಗಳನ್ನು ಮೇಣದಲ್ಲಿ ಹೊಸದಾಗಿ ಕೂರಿಸಿದ ದಿನ ನೆನಪಾಗುತ್ತದೆ. ಹಳೆಯ ಮೇಣ ಬಿರುಕು ಬಿಟ್ಟು ಮೆಟ್ಟಿಲುಗಳು ಅಲುಗಾಡುತ್ತಿದ್ದವು. ಕುಶಲಕರ್ಮಿ ಮನೆಗೆ ಬಂದವರೇ ಮೇಣ ಕಾಯಿಸುವ ಮೊದಲು, “ಇದನ್ನು ನುಡಿಸುವವರು ಯಾರು ತಾಯಿ?” ಎಂದು ಕೇಳಿದರು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಾಗ ನುಡಿಸುವ ಮುಖ್ಯ ತಂತಿಯಾದ ಸಾರಣಿಯನ್ನು ಮತ್ತೆ ಮತ್ತೆ ಮೀಟಿಸಿ, ಅವರ ಬೆರಳಿನ ಒತ್ತು ನೋಡಿಕೊಂಡೇ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಒಂದೊಂದಾಗಿ ಕೂರಿಸಿದರು. ಸಂಜೆಯಾಗಿತ್ತು. ಮೇಣ ಆರುವವರೆಗೂ ಅಮ್ಮ ವೀಣೆಯ ಪಕ್ಕದಿಂದ ಏಳಲಿಲ್ಲ.